ನೋಡಿದವರ ಚೀಟಿ

ಭಾನುವಾರ ಮಧ್ಯಾಹ್ನ ಮನೆಗೆ ಬಂದ ನಾದಿನಿ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಊಟದ ಮೇಜಿನ ಮುಂದೆ ಬಂದು ನಿಂತಳು. ಅವಳು ಕೆಲಸ ಮಾಡುವ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನೋಡಿಟ್ಟಿದ್ದ ಒಂಟಿ ಕೋಣೆ ಕೈತಪ್ಪಿತ್ತು. ಮುಂಗಡ ಕೊಡಲು ಹೋದರೆ ಕೋಣೆಯ ಮಾಲೀಕ ಬಾಗಿಲಲ್ಲೇ ನಿಲ್ಲಿಸಿ, ನಿಮ್ಮಪ್ಪನ ಜಾಮೀನು ನಡೆಯುವುದಿಲ್ಲ, ಬೇರೆ ಯಾರನ್ನಾದರೂ ಕರೆದುಕೊಂಡು ಬಾ ಎಂದನಂತೆ. ಇದನ್ನು ಹೇಳುವಾಗ ಅವಳು ಅಪ್ಪನ ಮುಖ ನೋಡಲಿಲ್ಲ. ಅತ್ತಿಗೆಯ ಮುಖ ನೋಡಿದಳು.

“ದಿವಾಳಿ ಅರ್ಜಿ ಹಾಕಿದಾರಲ್ಲ ಅಂದ. ಅವನಿಗೆ ಹೇಗೆ ಗೊತ್ತಾಯ್ತು? ಈ ಐದು ಜನ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ತಾನೆ ಅಪ್ಪ ಹೇಳಿದ್ದು?”

ಸೊಸೆ ಬೆಂದ ಆಲೂಗೆಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಬಿಸಿಗೆ ಬೆರಳು ಚುರುಗುಟ್ಟುತ್ತಿದ್ದರೂ ಕೈಬಿಡಲಿಲ್ಲ. ಮಾವ ಬ್ರೆಡ್ಡಿನ ಅಂಚನ್ನು ಮುರಿದು ತಟ್ಟೆಯ ಬದಿಗೆ ಸಾಲಾಗಿ ಜೋಡಿಸುತ್ತಿದ್ದರು. ಗಂಡ ನೀರು ಕುಡಿದ. ಕೊನೆಗೆ ಮಾತಾಡಿದ್ದು ಅತ್ತೆ. ಅದೂ ಯಾರನ್ನೂ ಉದ್ದೇಶಿಸಿ ಅಲ್ಲ ಎನ್ನುವ ಹಾಗೆ.

“ದಿನಾ ನೂರು ಜನ ಬಂದು ಹೋಗೋ ಕನ್ನಡಕದ ಅಂಗಡೀಲಿ ಕೂತವರ ಬಾಯಿಂದ ಒಂದು ಮಾತು ಜಾರೋದು ಏನು ದೊಡ್ಡದು.”

“ನಾನು ಕೂರೋದು ಹಿಂದಿನ ಕೋಣೇಲಿ ಅತ್ತೆ,” ಎಂದಳು ಸೊಸೆ. “ಅಲ್ಲಿ ನಾನು, ಸಾಣೆ ಯಂತ್ರ, ಗೋಡೆ. ಮೂರೇ ಜನ.”

ಯಾರೂ ನಗಲಿಲ್ಲ. ಆಲೂಗೆಡ್ಡೆಗೆ ಉಪ್ಪು ಕಡಿಮೆಯಾಗಿದೆ ಎಂದು ಗಂಡ ಹೇಳಿದ. ಅಲ್ಲಿಗೆ ಊಟ ಮುಗಿಯಿತು.

ಮಾವನದು ಲಾಂಡ್ರಿ. ಇಪ್ಪತ್ತಾರು ವರ್ಷ ಊರಿನ ಎರಡು ದೊಡ್ಡ ಹೋಟೆಲುಗಳ ಹಾಸಿಗೆ ಹೊದಿಕೆ, ಟವೆಲ್ಲು, ಮೇಜಿನ ಬಟ್ಟೆಗಳೆಲ್ಲ ಅವರ ಯಂತ್ರಗಳಲ್ಲೇ ತಿರುಗಿದ್ದವು. ಒಂದು ಹೋಟೆಲಿನವರು ತಮ್ಮದೇ ಯಂತ್ರ ತಂದರು. ಇನ್ನೊಂದರವರು ಎಂಟು ತಿಂಗಳು ಬಿಲ್ಲು ಬಾಕಿ ಇಟ್ಟುಕೊಂಡು ಒಂದು ಬೆಳಿಗ್ಗೆ ಗೇಟಿಗೇ ಬೀಗ ಹಾಕಿದರು. ಅಷ್ಟರಲ್ಲಿ ಮಾವ ಸಾಲ ಮಾಡಿ ಎರಡನೆಯ ದೊಡ್ಡ ಯಂತ್ರ ತರಿಸಿಯಾಗಿತ್ತು. ಐದು ತಿಂಗಳ ಹಿಂದೆ ಷಟರ್ ಎಳೆದು, ನ್ಯಾಯಾಲಯಕ್ಕೆ ಹೋಗಿ ಬಂದು, ಮನೆಯಲ್ಲಿ ನಿಂತುಕೊಂಡೇ ಹೇಳಿದ್ದರು: ಅರ್ಜಿ ಹಾಕಿದ್ದೇನೆ, ಇನ್ನು ಯಾರೂ ಬಂದು ಬಾಗಿಲು ಬಡಿಯುವುದಿಲ್ಲ, ಆದರೆ ಇದು ಹೊರಗೆ ಹೋಗಬಾರದು. ಆವತ್ತಿನಿಂದ ಆ ಶಬ್ದವನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಕಾಲು ಮುರಿದ ಕುರ್ಚಿಯನ್ನು ಎಸೆಯಲೂ ಆಗದೆ ಕೂರಲೂ ಆಗದೆ ಸುತ್ತು ಹಾಕಿಕೊಂಡು ಓಡಾಡುವ ಹಾಗೆ ಎಲ್ಲರೂ ಅದರ ಪಕ್ಕದಲ್ಲೇ ಓಡಾಡುತ್ತಿದ್ದರು.

ಸೊಸೆಗೆ ಆ ಕುರ್ಚಿ ಸ್ವಲ್ಪ ಹೆಚ್ಚೇ ಹತ್ತಿರದ್ದು. ಎರಡು ವರ್ಷದ ಹಿಂದೆ, ಲಾಂಡ್ರಿಯ ಹಿಂಭಾಗದಲ್ಲಿ ಇಸ್ತ್ರಿ ಮೇಜಿನ ಪಕ್ಕ ನಿಂತು, ಮಾವ ಅವಳ ಹತ್ತಿರ ಅರವತ್ತು ಸಾವಿರ ಕೇಳಿದ್ದರು. ನಾಲ್ಕು ವರ್ಷದ ಸಂಬಳದಲ್ಲಿ ಉಳಿಸಿದ್ದ ಅಷ್ಟನ್ನೂ ಅವಳು ಕೊಟ್ಟಿದ್ದಳು. ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಮಾವ ಹೇಳಿದ್ದರು. ಗಂಡನಿಗೂ ಅವಳು ಹೇಳಿರಲಿಲ್ಲ.

ಈಗ ಆ ಅರವತ್ತು ಸಾವಿರ ಬೇಕಾಗಿತ್ತು. ಒಂಬತ್ತು ವರ್ಷದಿಂದ ಅವಳು ಕನ್ನಡಕದ ತಾತನ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವ ಕೆಲಸ ಮಾಡುತ್ತಿದ್ದಳು. ತಾತನ ಕೈ ನಡುಗಲು ಶುರುವಾಗಿತ್ತು. ಅಂಗಡಿ ಮಾರಿಬಿಡುತ್ತೇನೆ, ನೀನು ತಗೊಳ್ಳೋದಾದರೆ ಮೂರನೇ ಒಂದು ಭಾಗ ಬರುವ ತಿಂಗಳ ಕೊನೆಗೆ ಕೊಡು, ಉಳಿದದ್ದಕ್ಕೆ ಬ್ಯಾಂಕಿಗೆ ಹೋಗು ಎಂದಿದ್ದ. ಅವಳು ಎರಡು ಸಲ ಬ್ಯಾಂಕಿಗೆ ಹೋಗಿ ಬಂದಿದ್ದಳು. ಅಲ್ಲಿಯ ಹೆಂಗಸು ಕಂಪ್ಯೂಟರಿನಲ್ಲಿ ಅವಳ ಸಾಲದ ಚರಿತ್ರೆ ತೆಗೆದು ನೋಡಿದಳು. ಹೊಲಿಗೆ ಯಂತ್ರದ ಹನ್ನೆರಡು ಕಂತು, ಫೋನಿನ ಆರು ಕಂತು, ಒಂದೂ ತಡವಾಗಿಲ್ಲ. ನಿಮ್ಮ ಹೆಸರು ಒರೆಸಿಟ್ಟ ಗಾಜಿನ ಹಾಗಿದೆ ಎಂದಳು. ಮೂರನೇ ಒಂದು ಭಾಗವನ್ನು ಮಾತ್ರ ನೀವೇ ತರಬೇಕು.

ಅದನ್ನು ಮಾವನ ಹತ್ತಿರ ಕೇಳುವುದು ಹೇಗೆಂದು ಯೋಚಿಸುತ್ತಿರುವಾಗಲೇ ಮೂರು ಲಕೋಟೆಗಳು ಬಂದಿದ್ದವು. ನಾದಿನಿಯ ಕೋಣೆಯ ರಗಳೆಗೂ ಒಂದು ತಿಂಗಳ ಮುಂಚಿನ ಮಾತು. ಅಂಚೆಯವನಿಂದ ತೆಗೆದುಕೊಂಡವಳು ಸೊಸೆಯೇ. ಕಂದು ಬಣ್ಣದ್ದು, ಮೂಲೆಯಲ್ಲಿ ನ್ಯಾಯಾಲಯದ ಮೊಹರು, ಒಂದೇ ಅಳತೆ, ಒಂದೇ ತೂಕ. ಒಂದು ಅತ್ತೆಗೆ, ಒಂದು ಗಂಡನಿಗೆ, ಒಂದು ನಾದಿನಿಗೆ. ಅವಳು ಮೂರನ್ನೂ ಮೇಜಿನ ಮೇಲೆ ಬಿಚ್ಚಿದ ಇಸ್ಪೀಟಿನ ಹಾಗೆ ಇಟ್ಟು ನಾಲ್ಕನೆಯದಕ್ಕಾಗಿ ಅಂಚೆಯವನ ಮುಖ ನೋಡಿದಳು. ಅವನು ಆಗಲೇ ಪಕ್ಕದ ಗೇಟಿನಲ್ಲಿದ್ದ.

ಸಂಜೆಯ ಹೊತ್ತಿಗೆ ಮೇಜು ಖಾಲಿಯಾಗಿತ್ತು. ತನಗೆ ಏನು ಬಂತೆಂದು ಯಾರೂ ಹೇಳಲಿಲ್ಲ. ಮರುದಿನ ಗಂಡ ಬಸ್ ಡಿಪೋದ ಕೆಲಸಕ್ಕೆ ಹೊರಡುವಾಗ ಊಟದ ಚೀಲವನ್ನು ಬಚ್ಚಲುಮನೆಗೂ ತೆಗೆದುಕೊಂಡು ಹೋದ.

“ಊಟದ ಡಬ್ಬಿಗೂ ಸ್ನಾನ ಮಾಡಿಸ್ತೀರಾ?” ಎಂದು ಕೇಳಿದ್ದಕ್ಕೆ, ತಡವಾಯ್ತು ಎಂದಷ್ಟೇ ಹೇಳಿ ಹೋದ.

ಅದಾದ ವಾರ ಅತ್ತೆಗೆ ಹಲ್ಲುನೋವು ಬಂತು. ಒಬ್ಬರೇ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆಂದು ಕೊಡೆ ಹಿಡಿದು ಹೊರಟು, ಮಧ್ಯಾಹ್ನ ಕಳೆದ ಮೇಲೆ ಬಂದರು. ಬಂದವರು ಗಟ್ಟಿಯಾಗಿ ಸುಟ್ಟ ಬ್ರೆಡ್ಡನ್ನು ನೋವಿದ್ದ ಕಡೆಯಿಂದಲೇ ಕರಕರ ಎಂದು ಅಗಿದರು. ಸೊಸೆ ನೋಡಿಯೂ ನೋಡದ ಹಾಗೆ ಇದ್ದಳು. ಆವತ್ತಿನಿಂದ ಮನೆಯ ಗಾಳಿ ಬದಲಾಯಿತು. ಸಕ್ಕರೆ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು. ಎಣ್ಣೆ ಸೀಸೆಯ ಮೇಲೆ ಪೆನ್ಸಿಲಿನ ಗೆರೆ ಬಿತ್ತು. ಸಾಣೆ ಕೋಣೆಯ ಒದ್ದೆ ನೆಲಕ್ಕೆಂದು ಅವಳು ತಂದ ರಬ್ಬರ್ ತಳದ ಬೂಟನ್ನು ಅತ್ತೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, ಬೆಲೆ ಕೇಳಿ, ಕೆಳಗಿಟ್ಟರು.

ಕೋಣೆ ಕೈತಪ್ಪಿದ ಮೇಲಂತೂ ನಾದಿನಿಯ ಮಾತಿಗೆ ಮುಳ್ಳು ಮೂಡಿತು. ಪಾತ್ರೆ ಒರೆಸುತ್ತ ಒಂದು ಸಂಜೆ ಅವಳು, “ಕೆಲವರು ಪುಣ್ಯವಂತರು ಅತ್ತಿಗೆ. ಅಂಗಡಿ ಮುಚ್ಚೋ ಮುಂಚೆನೇ ಅವರ ಲೆಕ್ಕ ಚುಕ್ತಾ ಆಗಿರುತ್ತೆ,” ಎಂದಳು.

“ಯಾರದು?”

“ನಾನು ಯಾರ ಹೆಸರು ಹೇಳ್ದೆ? ಬ್ಯಾಂಕಿಗೆ ಹೋಗೋರು ಹೋಗ್ತಾರೆ, ಬೂಟು ತರೋರು ತರ್ತಾರೆ.”

ಮನೆಯಲ್ಲಿ ತನ್ನನ್ನು ಬಿಟ್ಟು ಏನೋ ನಡೆದಿದೆ ಎನ್ನುವುದು ಸೊಸೆಗೆ ಖಾತ್ರಿಯಾಯಿತು. ತಾಯಿ, ಮಗ, ಮಗಳು, ಮೂವರಿಗೂ ಲಕೋಟೆ. ಹೊರಗಿನಿಂದ ಬಂದವಳಿಗೆ ಇಲ್ಲ. ಉಳಿದಿರುವುದನ್ನು ಹಂಚುವಾಗ ಪಂಕ್ತಿಯಿಂದ ಅವಳನ್ನು ಎಬ್ಬಿಸಿದ್ದಾರೆ.

ಆ ಒಗಟನ್ನು ಬಿಡಿಸಲು ದಾರಿ ತೋರಿಸಿದವನು ಕನ್ನಡಕದ ತಾತ. ಮನೆಯ ಮಾತನ್ನು ಹೊರಗೆ ಹೇಳಿದ್ದು ನಾನೇ ಅಂತಾರೆ ತಾತ, ನೀವೇ ಹೇಳಿ, ಎಂದಾದರೂ ಬಾಯಿಬಿಟ್ಟಿದ್ದೀನಾ ಎಂದು ಅವಳು ಕೇಳಿದಾಗ, ಅವನು ಕಣ್ಣಿನಿಂದ ಭೂತಗಾಜು ತೆಗೆದು ಅವಳನ್ನು ನೋಡಿದ.

“ನೀನು ಹೇಳೋದಕ್ಕೆ ಏನಿದೆ? ನಿನಗೆ ಅಂಗಡಿ ಕೊಡೋ ಮೊದಲು ನಿನ್ನ ಮನೆ ಎಂಥದು ಅಂತ ನಾನು ನೋಡಬೇಡವಾ? ಹೋದ ತಿಂಗಳೇ ಹೋಗಿ ನೋಡಿ ಬಂದೆ.”

“ಎಲ್ಲಿ?”

“ನ್ಯಾಯಾಲಯದ ದಾಖಲೆ ಕೋಣೆಯಲ್ಲಿ. ಅರ್ಜಿ ಹಾಕಿದ ದಿನದಿಂದ ಅದು ಊರಿನ ಸೊತ್ತು ಕಣಮ್ಮ. ಯಾರು ಬೇಕಾದರೂ ನೋಡಬಹುದು. ಮನೆ ಬಾಡಿಗೆಗೆ ಕೊಡೋರು, ಸಾಲ ಕೊಡೋರು, ಹೆಣ್ಣು ಗಂಡು ನೋಡೋರು, ಸುಮ್ಮನೆ ಹೊತ್ತು ಹೋಗದವರು, ಎಲ್ಲರೂ.”

ಮುಂದಿನ ಬುಧವಾರ ಅರ್ಧ ದಿನದ ರಜೆ ಹಾಕಿ ಅವಳು ಹೋದಳು. ಮನೆಯಲ್ಲಿ ಹೇಳಲಿಲ್ಲ.

ದಾಖಲೆ ಕೋಣೆ ನ್ಯಾಯಾಲಯದ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಪಕ್ಕದಲ್ಲಿತ್ತು. ಕಿಟಕಿಯ ಒಳಗೆ ತೋರುಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡ ಗುಮಾಸ್ತೆ ಕೂತಿದ್ದಳು. ಸೊಸೆ ತಾನು ಅರ್ಜಿದಾರರ ಮಗನ ಹೆಂಡತಿ ಎಂದು ಹೇಳಲು ಶುರು ಮಾಡಿದಳು.

“ನೋಡೋಕೆ ಸಂಬಂಧ ಬೇಕಾಗಿಲ್ಲ,” ಎಂದಳು ಗುಮಾಸ್ತೆ. “ಚಿಲ್ಲರೆ ಇದ್ದರೆ ಸಾಕು.”

ಕಡತ ಬಂತು. ರಟ್ಟಿನ ಒಳಬದಿಗೆ ಒಂದು ಉದ್ದನೆಯ ಚೀಟಿ ಅಂಟಿಸಿತ್ತು. ನೋಡಿದವರ ಹೆಸರು, ತಾರೀಕು, ಸಹಿ. ನೀವೂ ಬರೀರಿ ಎಂದು ಗುಮಾಸ್ತೆ ಪೆನ್ನು ಮುಂದೆ ಮಾಡಿದಳು. ಸೊಸೆ ಬರೆಯಲು ಬಗ್ಗಿದವಳು ಹಾಗೇ ನಿಂತಳು. ಮೇಲಿನ ಸಾಲಿನಲ್ಲಿ ತಾತನ ನಡುಗುವ ಸಹಿ. ಅದರ ಕೆಳಗೆ ಅತ್ತೆಯ ದುಂಡನೆಯ ಅಕ್ಷರ, ಹಲ್ಲುನೋವಿನ ತಾರೀಕು. ಆಮೇಲೆ ಗಂಡನದು. ಆ ದಿನ ಡಿಪೋದಲ್ಲಿ ಟೈರಿನ ಲಾರಿ ಬರುತ್ತದೆ, ಊಟಕ್ಕೆ ಕಾಯಬೇಡ ಎಂದಿದ್ದ. ಆಮೇಲೆ ಯಾರೋ ಅಪರಿಚಿತ, ಕೋಣೆಯ ಮಾಲೀಕನೇ ಇರಬೇಕು. ಕೊನೆಯದು ನಾದಿನಿ, ಕೋಣೆ ಕೈತಪ್ಪಿದ ಭಾನುವಾರದ ಮರುದಿನ. ಮಾಲೀಕನಿಗೆ ಸುದ್ದಿ ಎಲ್ಲಿಂದ ಹೋಯಿತೆಂದು ಅವಳು ಕಣ್ಣಾರೆ ಕಂಡಿದ್ದಳು. ಕಂಡ ಮೇಲೂ ಬಂದು ಪುಣ್ಯವಂತರ ಮಾತಾಡಿದ್ದಳು.

ಒಂದೇ ಮನೆಯವರು ಒಬ್ಬೊಬ್ಬರಾಗಿ, ಕಳ್ಳರ ಹಾಗೆ, ಈ ಕಿಟಕಿಗೆ ಬಂದು ಹೋಗಿದ್ದರು. ಸೊಸೆ ಐದನೆಯ ಸಹಿಯ ಕೆಳಗೆ ಆರನೆಯದು ಹಾಕಿದಳು.

ಸಾಲ ಕೊಟ್ಟವರ ಪಟ್ಟಿ ಮಾವನ ಕೈಬರಹದಲ್ಲೇ ಇತ್ತು. ಲಾಂಡ್ರಿಯಲ್ಲಿ ಪ್ರತಿ ಗಂಟಿಗೂ ಅವರು ಬರೆಯುತ್ತಿದ್ದ ಚೀಟಿಯ ಅಕ್ಷರ, ಪುಟ್ಟದಾಗಿ ನೆಟ್ಟಗೆ. ಯಂತ್ರದ ಕಂಪನಿ, ಸೋಪಿನ ಪುಡಿಯವರು, ವಿದ್ಯುತ್ತು, ಕಟ್ಟಡದ ಬಾಡಿಗೆ. ಹದಿನಾಲ್ಕನೆಯ ಸಾಲಿನಲ್ಲಿ ಅತ್ತೆ, ಪಕ್ಕದಲ್ಲಿ ಸಂಬಂಧ: ಹೆಂಡತಿ. ಮೂವತ್ತು ಸಾವಿರ. ಹದಿನೈದು ಗಂಡ, ಮಗ. ಇಪ್ಪತ್ತು ಸಾವಿರ. ಎರಡು ವರ್ಷದ ಹಿಂದೆ ಡಿಪೋದಲ್ಲಿ ಬೋನಸ್ಸೇ ಕೊಡಲಿಲ್ಲ ಎಂದು ಅವನು ಬೈದಾಡಿದ್ದು ಅವಳಿಗೆ ನೆನಪಾಯಿತು. ಹದಿನಾರು ನಾದಿನಿ, ಮಗಳು. ಹನ್ನೆರಡು ಸಾವಿರ. ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಮಾವ ಪ್ರತಿಯೊಬ್ಬರಿಗೂ ಹೇಳಿರಬೇಕು.

ಹದಿನಾರರ ಕೆಳಗೆ ಅಡ್ಡಗೆರೆ. ಮೇಲಿನ ಪಟ್ಟಿ ಪೂರ್ಣವೂ ಸತ್ಯವೂ ಆಗಿದೆ ಎಂದು ಪ್ರಮಾಣ. ಮಾವನ ಸಹಿ.

ಅವಳು ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ಒಬ್ಬರ ಹೆಸರು ಬಿಟ್ಟುಹೋಗಿದ್ದರೆ ಏನಾಗುತ್ತೆ?” ಎಂದು ಕೇಳಿದಳು.

ಬಿಟ್ಟುಹೋದವರು ಆಕ್ಷೇಪಣೆ ಹಾಕಬಹುದು, ಮುಂದಿನ ವಾರದ ಶುಕ್ರವಾರ ಕೊನೆಯ ದಿನ ಎಂದಳು ಗುಮಾಸ್ತೆ. ಬೇಕೆಂದೇ ಬಿಟ್ಟದ್ದು ಎಂದು ಕಂಡುಬಂದರೆ ಅರ್ಜಿ ವಜಾ. ವಜಾ ಆದರೆ ಈ ಪಟ್ಟಿಯಲ್ಲಿರುವವರೆಲ್ಲ ಮತ್ತೆ ಬಾಗಿಲಿಗೆ ಬರಬಹುದು, ಸಂಬಳಕ್ಕೆ ಕೈಹಾಕಬಹುದು, ಮನೆಯ ಸಾಮಾನು ಎತ್ತಬಹುದು.

“ಅರ್ಜಿ ವಜಾ ಆದ್ರೆ ದಾಖಲೆಯಿಂದ ಹೆಸರೂ ಹೋಗುತ್ತಾ?”

“ಅದೆಲ್ಲಿ ಹೋಗುತ್ತೆ? ಅರ್ಜಿ ಹಾಕಿದ್ದು ಹಾಕಿದ್ದೇ. ಬ್ಯಾಂಕಿನವರ ಚರಿತ್ರೆಯಲ್ಲಿ ಹತ್ತು ವರ್ಷ ಕೂತಿರುತ್ತೆ, ಸಾಲ ತೀರಲಿ, ತೀರದೇ ಇರಲಿ.” ಗುಮಾಸ್ತೆ ರಬ್ಬರ್ ಬೆರಳಿನಿಂದ ಒಂದು ಹಳದಿ ಫಾರಮ್ಮನ್ನು ಎಳೆದು ಕೊಟ್ಟಳು. “ಯಾರ ಹೆಸರು ಬಿಟ್ಟಿದೆಯೋ ಅವರಿಗೆ ಕೊಡಿ.”

ಸೊಸೆ ಅದನ್ನು ನಾಲ್ಕಾಗಿ ಮಡಚಿ ಬೂಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು.

ಗಂಡನನ್ನು ಅವಳು ಹಿಡಿದದ್ದು ಮರುದಿನ ಸಂಜೆ, ಅಡುಗೆಮನೆಯಲ್ಲಿ. ಅವನು ತಟ್ಟೆ ತೊಳೆಯುತ್ತಿದ್ದ, ಅವಳು ಒರೆಸಿ ಇಡುತ್ತಿದ್ದಳು. ಟೈರಿನ ಲಾರಿ ಬಂದ ದಿನ ದಾಖಲೆ ಕೋಣೆಯಲ್ಲಿ ನಿಮಗೇನು ಕೆಲಸ ಎಂದು ತಣ್ಣಗೆ ಕೇಳಿದಳು. ಅವನ ಕೈಯಿಂದ ತಟ್ಟೆ ಜಾರಿ ನೀರಿಗೆ ಬಿತ್ತು. ಲಕೋಟೆಯಲ್ಲಿ ತಾನು ಕೊಟ್ಟ ಸಾಲ ಎಷ್ಟೆಂದು ಮಾತ್ರ ಇತ್ತು, ಉಳಿದವರದು ಎಷ್ಟೆಂದು ನೋಡಬೇಕು ಅನ್ನಿಸಿತು ಎಂದ. ನಿನಗೆ ಹೇಳದೆ ಕೊಟ್ಟದ್ದಕ್ಕೆ ನಾಚಿಕೆಯಾಗಿತ್ತು ಎಂದೂ ಸೇರಿಸಿದ.

“ನನ್ನ ಹೆಸರು ಇಲ್ಲ ಅಂತ ಗೊತ್ತಾಯ್ತು ತಾನೆ. ಮತ್ತೆ ಯಾಕೆ ಕೇಳಲಿಲ್ಲ?”

“ನೀನು ಕೊಟ್ಟದ್ದು ನನಗೆ ಗೊತ್ತಿತ್ತು. ನನ್ನ ಹತ್ರ ದುಡ್ಡು ಕೇಳೋವಾಗ ಅಪ್ಪನೇ ಬಾಯಿತಪ್ಪಿ ಅಂದಿದ್ರು. ಪಟ್ಟೀಲಿ ಇಲ್ಲ ಅಂದ್ಮೇಲೆ...” ಅವನು ಕೈ ಒರೆಸಿಕೊಂಡ. “ಅಂಗಡಿ ಮುಚ್ಚೋ ಮುಂಚೆ ನಿನ್ನದನ್ನ ಒಳಗಿಂದೊಳಗೆ ತೀರಿಸಿಬಿಟ್ಟಿದ್ದಾರೆ ಅಂದ್ಕೊಂಡೆ. ಅಮ್ಮನೂ ಹಾಗೇ ಅಂದ್ಕೊಂಡಿದ್ದಾಳೆ. ನೀನು ಬ್ಯಾಂಕಿಗೆ ಬೇರೆ ಹೋಗಿ ಬಂದೆ.”

“ಅಮ್ಮನಿಗೆ ನಾನು ಕೊಟ್ಟದ್ದು ಗೊತ್ತಾಗಿದ್ದು ಹೇಗೆ?”

ಅವನು ತೊಳೆದಿಟ್ಟಿದ್ದ ಲೋಟವನ್ನು ಮತ್ತೆ ನೀರಿಗೆ ಹಾಕಿದ. ಸೊಸೆ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. ಇಷ್ಟು ದಿನ ಅವಳು ಅವರನ್ನು ಅನುಮಾನಿಸಿದ್ದಳು, ಅವರು ಅವಳನ್ನು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಪುರಾವೆ, ಪಟ್ಟಿಯಲ್ಲಿ ಇಲ್ಲದ ಒಂದು ಸಾಲು.

“ಒಂದು ಕಾಸೂ ಬಂದಿಲ್ಲ ನನಗೆ,” ಎಂದಳು.

ಅವನು ನಂಬಿದ ಹಾಗೆ ತಲೆಯಾಡಿಸಿದ. ಪೂರ್ತಿ ನಂಬಲಿಲ್ಲ ಎನ್ನುವುದು ಅವನು ನಲ್ಲಿ ತಿರುಗಿಸಿದ ರೀತಿಯಲ್ಲೇ ಗೊತ್ತಾಯಿತು.

ಗುರುವಾರ, ಶುಕ್ರವಾರ ಕಳೆದವು. ಕೊನೆಯ ದಿನಕ್ಕೆ ಇನ್ನು ಒಂದು ವಾರ. ಶನಿವಾರ ಬೆಳಿಗ್ಗೆ ಅವಳು ಹಳದಿ ಫಾರಮ್ಮನ್ನು ತೆಗೆದು ತುಂಬಿದಳು. ಹೆಸರು, ವಿಳಾಸ, ಮೊತ್ತ, ಕೊಟ್ಟ ದಿನ. ಸಹಿಯ ಜಾಗ ಖಾಲಿ ಬಿಟ್ಟು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಹಡಿಯ ಮೇಲೆ ಹೋದಳು.

ಲಾಂಡ್ರಿ ಹೋದ ಮೇಲೆ ಮಾವ ಅಕ್ಕಪಕ್ಕದ ನಾಲ್ಕು ಮನೆಗಳ ಬಟ್ಟೆಯನ್ನು ಮನೆಯಲ್ಲೇ ಒಗೆಯುತ್ತಿದ್ದರು. ಹಾಸಿಗೆ ಹೊದಿಕೆ ಮಡಚಲು ಮಾತ್ರ ಇನ್ನೊಬ್ಬರು ಬೇಕು. ಶನಿವಾರದ ಆ ಕೆಲಸ ಸೊಸೆಯದು. ಇಬ್ಬರೂ ನಾಲ್ಕು ಮೂಲೆ ಹಿಡಿದು ಹಿಂದಕ್ಕೆ ಸರಿದು ಎಳೆಯುವುದು, ಉದ್ದಕ್ಕೆ ಅರ್ಧ ಮಾಡುವುದು, ಮತ್ತೆ ಅರ್ಧ, ಆಮೇಲೆ ಎದುರುಬದುರಾಗಿ ನಡೆದು ಬಂದು ಅಂಚಿಗೆ ಅಂಚು ಕೂಡಿಸುವುದು. ಅದರಲ್ಲಿ ಮಾತು ಬೇಕಾಗಿರಲಿಲ್ಲ, ಇಬ್ಬರೂ ಆಡುತ್ತಲೂ ಇರಲಿಲ್ಲ.

ಮೊದಲನೆಯ ಹೊದಿಕೆ ಮುಗಿಯಿತು. ಎರಡನೆಯದನ್ನು ಎಳೆದು ಹಿಡಿದಾಗ ಅವಳು ಹೇಳಿದಳು.

“ಪಟ್ಟಿ ನೋಡಿ ಬಂದೆ ಮಾವ.”

ಮಾವನ ಕೈಯ ಬಿಗಿ ಸಡಿಲವಾಗಲಿಲ್ಲ. “ಎಲ್ಲರೂ ನೋಡಿದ್ದಾರೆ,” ಎಂದರು. “ನೀನೇ ಕೊನೆ.”

“ನನ್ನ ಹೆಸರು ಇಲ್ಲ.”

“ಇಲ್ಲ.”

ಅರ್ಧ ಮಾಡಿದರು. ಹೊರಗಿನವಳು ಅಂತ ಬಿಟ್ಟಿರಾ ಎಂದು ಅವಳು ಕೇಳಿದಳು. ಕೇಳುವಾಗ ಅವಳ ದನಿ ಅವಳಿಗೇ ಹಿಡಿಸಲಿಲ್ಲ. ಮಾವ ಬಟ್ಟೆಯ ಸುಕ್ಕನ್ನೇ ನೋಡುತ್ತ, ಲಾಂಡ್ರಿಯಲ್ಲಿ ಗಂಟು ಬಿಚ್ಚಿದ ಕೂಡಲೇ ನಾನು ಏನು ಮಾಡುತ್ತಿದ್ದೆ, ನೋಡಿದ್ದೀಯಲ್ಲ ಎಂದರು. ನೋಡಿದ್ದಳು. ಹೋಟೆಲಿನ ಗಂಟಿನ ನಡುವೆ ಯಾರದೋ ರೇಷ್ಮೆಯ ಅಂಗಿಯೋ ಉಣ್ಣೆಯ ಶಾಲೋ ಬಂದಿದ್ದರೆ ಅದನ್ನು ಚೀಟಿಗೆ ಬರೆಯದೆ ಪಕ್ಕಕ್ಕೆ ಎತ್ತಿಡುತ್ತಿದ್ದರು. ಚೀಟಿಯಲ್ಲಿ ಬರೆದದ್ದೆಲ್ಲ ಯಂತ್ರಕ್ಕೆ ಹೋಗುತ್ತಿತ್ತು. ಎತ್ತಿಟ್ಟದ್ದನ್ನು ಅವರೇ ಕೈಯಲ್ಲಿ ಒಗೆಯುತ್ತಿದ್ದರು.

“ನ್ಯಾಯಾಲಯದ ಹೊರಗೆ ಬೆಂಚಿನ ಮೇಲೆ ಫಾರಮ್ ತುಂಬಿಸಿಕೊಡೋನು ಹೇಳ್ದ. ಪಟ್ಟೀಲಿ ಬರೆದದ್ದೆಲ್ಲ ಅಳಿಸಿಹೋಗುತ್ತೆ, ಆಮೇಲೆ ಯಾರೂ ಕೇಳೋ ಹಾಗಿಲ್ಲ ಅಂತ. ನಿನ್ನದನ್ನ ಬರೆಯೋಕೆ ಕೈ ಬರಲಿಲ್ಲ. ಪಕ್ಕಕ್ಕೆ ಎತ್ತಿಟ್ಟೆ.”

“ಅವರದನ್ನ ಬರೆದಿರಿ.”

“ಅವರು ನನ್ನನ್ನ ಬೈದುಕೊಂಡು ಸಮಾಧಾನ ಮಾಡ್ಕೊತಾರೆ. ನೀನು ಬೈಯೋದೇ ಇಲ್ಲ. ಬೈಯದೇ ಇರೋರ ಸಾಲ ಅಳಿಸೋದು ಹೇಗೆ?”

ಇಬ್ಬರೂ ಎದುರುಬದುರಾಗಿ ನಡೆದು ಬಂದರು. ಅಂಚಿಗೆ ಅಂಚು ಕೂಡಿತು. ಅವಳು ತನ್ನ ಎರಡು ಮೂಲೆಗಳನ್ನು ಅವರ ಕೈಗೆ ಕೊಟ್ಟು, ಸೊಂಟದಿಂದ ಹಳದಿ ಕಾಗದ ತೆಗೆದು ಮಡಚಿದ ಹೊದಿಕೆಯ ಮೇಲಿಟ್ಟಳು. ಮಾವ ಕನ್ನಡಕ ಮೇಲೆತ್ತಿ ನಿಧಾನವಾಗಿ ಓದಿದರು. ಸಹಿ ಇಲ್ಲದ ಜಾಗದ ಮೇಲೆ ಅವರ ಹೆಬ್ಬೆರಳು ನಿಂತಿತು.

“ಇದನ್ನ ಕೊಟ್ಟರೆ ಎಲ್ಲ ಹೋಗುತ್ತೆ ಅಲ್ವಾ?”

“ಯಂತ್ರದ ಕಂಪನಿಯವರು ಮೊದಲು ಬರ್ತಾರೆ. ಆಮೇಲೆ ಉಳಿದವರು. ನೀವು ಪ್ರಮಾಣ ಮಾಡಿ ಸಹಿ ಹಾಕಿದ್ದೀರಿ ಮಾವ. ನಾನು ಕೊಡದೇ ಇದ್ದರೂ, ಬೇರೆ ಯಾರಾದರೂ ಮೂಗು ತೂರಿಸಿದರೆ ಅಷ್ಟೇ.”

“ನಿನ್ನ ಅಂಗಡಿ?”

ಪಟ್ಟಿಗೆ ಹೆಸರು ಸೇರಿದರೆ ಅರವತ್ತು ಸಾವಿರ ಅಳಿಸಿಹೋಗುತ್ತದೆ. ಸೇರದಿದ್ದರೆ ಸುಳ್ಳು ಪ್ರಮಾಣ ಈ ಮನೆಯ ತಲೆಯ ಮೇಲೆ ನೇತಾಡುತ್ತಲೇ ಇರುತ್ತದೆ. ಮೂರನೆಯ ಹೊದಿಕೆಯನ್ನು ಕೊಡವಿ ಅದರ ಎರಡು ಮೂಲೆಗಳನ್ನು ಅವರ ಕಡೆಗೆ ಎಸೆದಳು.

“ಸೋಮವಾರ ಪಟ್ಟಿ ತಿದ್ದೋಕೆ ನಾನೂ ಬರ್ತೀನಿ,” ಎಂದಳು. “ಈ ಕಡೆ ಎಳೀರಿ, ಸುಕ್ಕಾಗ್ತಿದೆ.”

ಸಾಲ ಅಳಿಸುವ ಆಜ್ಞೆ ಹೊರಬೀಳುವ ಮೊದಲು ಅರ್ಜಿದಾರನೇ ಬಂದು ತಿದ್ದಿದರೆ ಅದನ್ನು ಮರೆವು ಎಂದು ತೆಗೆದುಕೊಳ್ಳುತ್ತಾರೆ ಎಂದು ಗುಮಾಸ್ತೆ ಹೇಳಿದಳು. ಶುಲ್ಕ ಕಟ್ಟಬೇಕು, ತಿದ್ದುಪಡಿಯ ಹಾಳೆಯಲ್ಲಿ ಸ್ವಂತ ಕೈಯಲ್ಲಿ ಬರೆಯಬೇಕು, ಚಿತ್ತುಮಾಡಿದ ಕಡೆಯೆಲ್ಲ ಪಕ್ಕದಲ್ಲಿ ಸಹಿ ಹಾಕಬೇಕು. ಹಳೆಯ ಹಾಳೆಯೂ ಇರುತ್ತದೆ, ಹೊಸದೂ ಇರುತ್ತದೆ. ಇಲ್ಲಿಂದ ಏನೂ ಹೊರಗೆ ಹೋಗುವುದಿಲ್ಲ.

ಈಕೆಯ ದುಡ್ಡನ್ನು ಮುಂದೆ ನಾನು ಕೊಡಲೇಬಾರದಾ ಎಂದು ಮಾವ ಕಿಟಕಿಗೆ ಬಾಗಿ ಕೇಳಿದರು.

“ಕೊಡಲೇಬೇಕು ಅಂತ ಯಾರೂ ಹೇಳೋ ಹಾಗಿಲ್ಲ,” ಎಂದಳು ಗುಮಾಸ್ತೆ. “ಆಜ್ಞೆ ಬಂದ ಮೇಲೆ ಕೊಡಬೇಡಿ ಅಂತಲೂ ಯಾರೂ ಹೇಳಲ್ಲ. ಅದು ನಿಮ್ಮ ನಿಮ್ಮ ಮನೆ ವಿಚಾರ.”

ಮಾವ ಹದಿನೇಳು ಎಂದು ಬರೆದರು. ಸೊಸೆಯ ಹೆಸರು ಬರೆದರು. ಮೊತ್ತ ಬರೆದರು. ಸಂಬಂಧದ ಕಂಬಸಾಲಿಗೆ ಬಂದಾಗ ಪೆನ್ನು ನಿಂತಿತು. ಗುಮಾಸ್ತೆ ಬೇರೆ ಕಡತ ಬಿಚ್ಚಿದಳು. ಆಮೇಲೆ ಅವರು ತಮ್ಮ ಪುಟ್ಟ, ನೆಟ್ಟಗಿನ ಅಕ್ಷರದಲ್ಲಿ ‘ಮಗಳು’ ಎಂದು ಬರೆದರು.

ಸೊಸೆ ಅವರ ಭುಜದ ಮೇಲಿಂದ ನೋಡಿದಳು.

“ಮತ್ತೆ ಸುಳ್ಳು ಬರೀಬೇಡಿ ಮಾವ,” ಎಂದಳು. “ಇದೂ ಪ್ರಮಾಣದ ಹಾಳೆ. ಸೊಸೆ ಅಂತ ಬರೀರಿ.”

ಅವರು ಒಂದೇ ಗೆರೆ ಎಳೆದು ಹೊಡೆದುಹಾಕಿದರು. ಕೆಳಗಿನ ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಮೇಲೆ ‘ಸೊಸೆ’ ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದರು. ಗುಮಾಸ್ತೆ ಅದರ ಮೇಲೆ ಮೊಹರು ಒತ್ತಿದಳು.

ಕನ್ನಡಕದ ತಾತ ತಿಂಗಳ ಕೊನೆಯವರೆಗೆ ಕಾದ. ಆಮೇಲೆ ಅಂಗಡಿಯನ್ನು ಬೇರೆಯವರಿಗೆ ಮಾತಾಡಿದ. ಹೊಸಬರು ಅವಳನ್ನು ಅದೇ ಸಂಬಳಕ್ಕೆ ಅದೇ ಹಿಂದಿನ ಕೋಣೆಯಲ್ಲಿ ಉಳಿಸಿಕೊಂಡರು. ಅವಳು ಬ್ಯಾಂಕಿಗೆ ಹೋಗಿ, ಆ ಹೆಂಗಸಿಗೆ ಸದ್ಯಕ್ಕೆ ಬೇಡ ಎಂದು ಹೇಳಿ ಬಂದಳು. ಪರವಾಗಿಲ್ಲ, ನಿಮ್ಮ ಚರಿತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದಳು ಆಕೆ.

ಮಾವ ಒಗೆಯುವ ಮನೆಗಳು ನಾಲ್ಕಿದ್ದದ್ದು ಏಳಾದವು. ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ, ಸೊಸೆ ಏನೂ ಹೇಳಲಿಲ್ಲ. ಎಣ್ಣೆ ಸೀಸೆಯ ಪೆನ್ಸಿಲ್ ಗೆರೆ ಹಾಗೇ ಇತ್ತು. ನಾದಿನಿ ಇನ್ನೊಂದು ಕೋಣೆ ಹುಡುಕುತ್ತಿದ್ದಳು, ಈ ಸಲ ತನ್ನ ವಾರ್ಡಿನ ಹಿರಿಯ ದಾದಿಯ ಜಾಮೀನಿನಲ್ಲಿ.

ಆಜ್ಞೆ ಬಂದ ವಾರ ಅದರ ಪ್ರತಿ ತರಲು ಸೊಸೆಯೇ ಹೋಗಬೇಕಾಯಿತು, ಮಾವನ ಕೈಯಲ್ಲಿ ಯಾರದೋ ಉಣ್ಣೆಯ ಶಾಲಿತ್ತು. ಗುಮಾಸ್ತೆ ಕಡತ ತೆಗೆದು ಚೀಟಿಯನ್ನು ಮುಂದೆ ಮಾಡಿದಳು. ತನ್ನ ಹಳೆಯ ಸಹಿಯ ಕೆಳಗೆ ಹೊಸದೊಂದು ಸಹಿ ಇತ್ತು. ದುಂಡನೆಯ ಅಕ್ಷರ. ತಾರೀಕು ಮೊನ್ನೆಯದು. ಮೊನ್ನೆ ಅತ್ತೆ ಮತ್ತೆ ಹಲ್ಲುನೋವೆಂದು ಕೊಡೆ ಹಿಡಿದು ಹೊರಟಿದ್ದರು. ಹದಿನೇಳನೆಯ ಸಾಲಿನ ಹಾಳೆ ಈಗ ಆ ಕಡತದಲ್ಲೇ ಇತ್ತು.

ಅವಳು ಮನೆಗೆ ಬಂದಾಗ ಅತ್ತೆ ಒಬ್ಬರೇ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದರು. ಸೊಸೆ ಎದುರಿಗೆ ಕೂತು ಒಂದು ಹಿಡಿ ತನ್ನ ಕಡೆಗೆ ಎಳೆದುಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಬಿಡಿಸಿದರು.

“ಹಲ್ಲು ಹೇಗಿದೆ ಅತ್ತೆ?”

ಅತ್ತೆಯ ಬೆರಳು ಸಿಪ್ಪೆಯ ನಡುವೆ ನಿಂತಿತು.

“ಈಗ ನೋವಿಲ್ಲ.”

“ಕಿತ್ತುಹಾಕಿದರಾ?”

“ಇಲ್ಲ,” ಎಂದರು ಅತ್ತೆ, ಬಟಾಣಿಯನ್ನು ಬಟ್ಟಲಿಗೆ ಹಾಕುತ್ತ. “ನೋಡಿ, ಹಾಗೇ ಇರಲಿ ಅಂತ ಬಿಟ್ಟರು.”